ಫಿಜಿಯವನ ಪಾಸು, ನಮ್ಮವರ ಮಂಡಿ

ಮದುವೆಯಾಗಿ ಶ್ರೀನಗರ ಬಡಾವಣೆಯ ಮನೆಗೆ ಬಂದಾಗ ನಮ್ಮ ಯಜಮಾನರಿಗೆ ಎರಡು ಸಂಸಾರ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ನಾನು, ಇನ್ನೊಂದು ಕಬಡ್ಡಿ. ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಸಿಕ್ಕಿದ್ದೇ ಆಟದಿಂದ. ಭಾನುವಾರ ಬೆಳಗ್ಗೆ ಅವರು ಬಡಾವಣೆಯ ತಂಡದ ಜೊತೆ ಮೈದಾನದಲ್ಲಿ, ನಾನು ಮಣ್ಣು ಮೆತ್ತಿದ ಬನಿಯನ್ನುಗಳ ಜೊತೆ ಬಚ್ಚಲಿನಲ್ಲಿ.

ತೊಂಬತ್ತರ ದಶಕ, ಮನೆಗೆ ಕೇಬಲ್ ಬಂದ ಹೊಸತು. ಕ್ರಿಕೆಟ್ ಹುಡುಕುತ್ತಿದ್ದವರಿಗೆ ಒಂದು ಮಧ್ಯಾಹ್ನ ಹಾಂಕಾಂಗಿನಿಂದ ಬರುತ್ತಿದ್ದ, ಚೆಂಡು ಹಿಡಿದು ಓಡುವ ರಗ್ಬಿ ಸೆವೆನ್ಸ್ ಆಟ ಸಿಕ್ಕಿತು. ಒಂದು ಕಡೆಗೆ ಏಳೇ ಜನ, ಕಬಡ್ಡಿಯ ಹಾಗೆ. ಅಷ್ಟು ಸಾಕಾಯಿತು, ರಿಮೋಟ್ ಕೆಳಗಿಟ್ಟರು. ಹಿಡಿದು ಕೆಡವಿದ ಮೇಲೂ ಆಟಗಾರ ಎದ್ದು ಓಡುವುದನ್ನು ಕಂಡು ನಮ್ಮಿಬ್ಬರಿಗೂ ಸಿಟ್ಟು ಬಂತು. ಔಟಾದವನು ಹೊರಗೆ ಹೋಗಬೇಡವೇ? ರೆಫರಿ ಮೋಸಗಾರ ಎಂದು ತೀರ್ಮಾನಿಸಿದೆವು. ಆ ಆಟದಲ್ಲಿ ಹಿಡಿದರೆ ಔಟಿಲ್ಲ ಎಂದು ತಿಳಿಯಲು ಎರಡು ದಿನ ಬೇಕಾಯಿತು.

ಅಲ್ಲಿ ಕಂಡವನು ಫಿಜಿ ದೇಶದ ಒಬ್ಬ ಆಟಗಾರ. ಅಷ್ಟೇನೂ ಎತ್ತರವಿಲ್ಲ. ಚೆಂಡನ್ನು ಒಂದೇ ಕೈಯಲ್ಲಿ, ಪೂಜೆಗೆ ತಂದ ತೆಂಗಿನಕಾಯಿಯಂತೆ ಹಿಡಿದು, ಓಡುತ್ತಿದ್ದವನು ಇದ್ದಕ್ಕಿದ್ದಂತೆ ನಡೆಯಲು ಶುರು ಮಾಡುತ್ತಿದ್ದ. ಇವನೇನು ಮಾಡುತ್ತಾನೆ ಎಂದು ಎದುರಿನವರು ನೋಡುವಷ್ಟರಲ್ಲಿ ಸಂದಿಯಲ್ಲಿ ನುಸುಳಿ ಗೆರೆ ದಾಟಿರುತ್ತಿದ್ದ. ಯಜಮಾನರು ಎದ್ದು ನಡುಮನೆಯಲ್ಲೇ ಆ ಹೆಜ್ಜೆ ಹಾಕಿ ನೋಡುವರು, ನಾನು ನಗುವೆ. ಆಮೇಲೆ ವರ್ಷವರ್ಷವೂ ಅವನಿಗಾಗಿ ಕಾದೆವು. ನಾಯಕನಾದ, ಕಪ್ ಎತ್ತಿದ, ಆಟ ಬಿಟ್ಟ ಅಂದರು, ತಿರುಗಿ ಬಂದ. ದೂರದ ಊರಿನ ಅಳಿಯನ ಸುದ್ದಿಯಂತೆ ಪೇಪರಿನ ಮೂಲೆಯಲ್ಲಿ ಅವನನ್ನು ಹುಡುಕುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನ ಸೊಂಟ ದಪ್ಪಗಾಯಿತು, ನಮ್ಮವರದೂ. ಒಂದು ಭಾನುವಾರ ನಮ್ಮವರ ಬಲಮಂಡಿ ಮೈದಾನದಲ್ಲಿ ತಿರುಚಿಕೊಂಡಿತು. ನೆಲ ಒದ್ದೆಯಾಗಿತ್ತು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನಂದೆ. ಜಯನಗರದ ಡಾಕ್ಟರು ಮಾತ್ರ ನಗಲಿಲ್ಲ. ಇನ್ನೊಂದು ಸಲ ಬಿದ್ದರೆ ಕಾಲು ಮಡಚಲು ಬರುವುದಿಲ್ಲ, ಕೋಲೇ ಗತಿ ಎಂದರು. ಮುಂದಿನ ತಿಂಗಳು ಸಿದ್ದಾಪುರದ ತಂಡದ ಮೇಲೆ ಪಂದ್ಯವಿತ್ತು. ಯಜಮಾನರು ಮಂಡಿಗೆ ಪಟ್ಟಿ ಸುತ್ತಿ ಸದ್ದಿಲ್ಲದೆ ಅಭ್ಯಾಸ ಶುರು ಮಾಡಿದರು. ಬೇಡ ಎಂದರೆ ಟಿವಿ ಕಡೆ ಕೈ ತೋರಿಸಿದರು.

"ಅವ್ನು ಈ ವಯಸ್ಸಲ್ಲಿ ಆಡ್ತಿಲ್ವೇನೇ?"

ನನಗೆ ರೇಗಿತು. ಸೊಪ್ಪು ಬಿಡಿಸುತ್ತ ನಾನೂ ಇಷ್ಟು ವರ್ಷ ಅವನನ್ನು ನೋಡಿದ್ದೆ. ಕಾಲು ನಿಧಾನವಾದಷ್ಟೂ ಅವನು ಚೆಂಡನ್ನು ಬೇಗ ಬಿಟ್ಟುಕೊಡುತ್ತಿದ್ದ. ಮೂವರನ್ನು ತನ್ನ ಮೇಲೆ ಎಳೆದುಕೊಂಡು, ಪಕ್ಕದಲ್ಲಿ ಖಾಲಿ ಜಾಗದಲ್ಲಿ ಬರುವವನ ಕೈಗೆ ದಾಟಿಸುತ್ತಿದ್ದ.

"ಅವ್ನಿಗೆ ಪಾಸ್ ಕೊಡೋಕ್ ಬರತ್ತೆ ರೀ. ನಿಮಗ್ ಬರಲ್ಲ."

ಎರಡು ದಿನ ಪೇಪರಿನ ಹಿಂದೆ ಮುಖ ಮರೆಸಿ ಕೂತರು. ಸಾರಿಗೆ ಉಪ್ಪು ಕಡಿಮೆ ಎನ್ನಲೂ ಇಲ್ಲ. ಅನ್ನಬಾರದ್ದನ್ನು ಅಂದೆನೇ ಎಂದು ಯೋಚಿಸುತ್ತ ಎರಡು ಸಲ ಒಗ್ಗರಣೆ ಸೀಯಿಸಿದೆ. ಆದರೂ ತಪ್ಪಾಯ್ತು ಅನ್ನಲಿಲ್ಲ. ಕೋಲು ಹಿಡಿದ ಗಂಡನಿಗಿಂತ ಮುನಿದ ಗಂಡ ವಾಸಿ.

ಪಂದ್ಯದ ದಿನ ನಾನೂ ಹೊರಟೆ. ಮೈದಾನದಲ್ಲಿ ಯಜಮಾನರು ಪ್ಯಾಂಟು ತೆಗೆದು ಆಟದ ಚಡ್ಡಿ ಹಾಕಲೇ ಇಲ್ಲ. ಐದಾರು ವರ್ಷದಿಂದ ಬದಲಿ ಆಟಗಾರನಾಗಿ ಹೊರಗೇ ಕೂತಿದ್ದ ಇಟ್ಟಮಡುವಿನವನನ್ನು ಕರೆದು, ಇವತ್ತು ನನ್ನ ಜಾಗದಲ್ಲಿ ನೀನು ಎಂದರು. ಬಂದು ಗೆರೆಯಾಚೆ ನನ್ನ ಪಕ್ಕ ನಿಂತರು. ಕೊನೆಯವರೆಗೂ ಎರಡೂ ಕಡೆ ಪಾಯಿಂಟು ಸಮಸಮ. ಕೊನೆಯ ದಾಳಿಗೆ ಇಟ್ಟಮಡುವಿನವನು ಎದುರಾಳಿ ಅಂಕಣಕ್ಕೆ ನುಗ್ಗಿದ. ನಾನು ಯಜಮಾನರ ಕಡೆ ತಿರುಗಿದೆ. ಕಣ್ಣು ಮುಚ್ಚಿದ್ದರು, ತುಟಿ ಆಡುತ್ತಿತ್ತು. ಕಿವಿಗೊಟ್ಟೆ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಕತ್ತಿನ ನರ ಉಬ್ಬಿತ್ತು. ಇವರ ಪ್ರಾಣವನ್ನೇ ಕಿತ್ತುಕೊಂಡೆನಲ್ಲ ಅನ್ನಿಸಿ ಕಣ್ಣು ತುಂಬಿತು. ಅವರ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಇಬ್ಬರು ಕಾಲು ಹಿಡಿದೆಳೆಯುತ್ತಿದ್ದರೂ ಇಟ್ಟಮಡುವಿನವನು ನೆಲಕ್ಕೆ ಬಿದ್ದು ನಡುಗೆರೆ ಮುಟ್ಟಿದ. ಜನ ಕೂಗಿದರು. ಯಜಮಾನರ ತುಟಿ ಇನ್ನೂ ನಿಂತಿರಲಿಲ್ಲ. ನಾನು ಅವರ ತೋಳು ಹಿಡಿದುಕೊಂಡೆ.

"ಬಂದ ರೀ. ಉಸಿರು ಬಿಡಿ."