ತಿಪ್ಪಯ್ಯಮಾವ ಹಚ್ಚಿದ ಬೆಂಕಿ

ನಮ್ಮ ತಿಪ್ಪಯ್ಯಮಾವ ನಗಲು ಶುರುಮಾಡಿದರೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಮಗ್ಗಗಳ ಸದ್ದೇ ಅಡಗಿಹೋಗುತ್ತಿತ್ತು. ಅವನು ನಮ್ಮ ಅವ್ವನ ತಮ್ಮ. ಮೊಹರಮ್ಮಿನ ಪೀರಲ ಹಬ್ಬ ಬಂತೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಪೀರಲ ಚಾವಡಿಯ ಮುಂದೆ ಬೆಂಕಿಗುಂಡಿ ತೋಡುವವನು ಅವನೇ, ಒಳಗೆ ಕೂರಿಸುವ ಪಂಜದ ಪೀರುಗಳಿಗೆ ಉಡಿಸುವ ರೇಷ್ಮೆ ನೇಯ್ದು ಕೊಡುವವನೂ ಅವನೇ. ನೂಲಿನ ವ್ಯಾಪಾರಿ ದಾದಾಪೀರ್ ಸಾಬರು ಅವನ ಜೀವದ ಗೆಳೆಯರು. "ಲೇ ದಾದಾ, ನಾನು ನೇಯ್ದಿದ್ದು ಉಡದಿದ್ರೆ ನಿನ್ನ ದೇವರು ಹೊರಗೇ ಬರಾಕಿಲ್ಲ ಕಣಲೇ!" ಎಂದು ರೇಗಿಸುತ್ತಿದ್ದ. "ಹಂಗಾದ್ರೆ ಬಾಯಿ ಮುಚ್ಕೊಂಡು ಬೇಗ ನೇಯಲೇ," ಎಂದು ಅವರೂ ನಗುತ್ತಿದ್ದರು.

ಪ್ಲೇಗು ಬಂದ ವರ್ಷ ಮಾವನ ಒಬ್ಬಳೇ ಮಗಳು ಸಾಕಮ್ಮ ತೀರಿಕೊಂಡಳು. ಮಾವ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಅದೇ ಹೊತ್ತಿಗೆ ಚಳ್ಳಕೆರೆ ಕಡೆಯಿಂದ ಒಬ್ಬ ಸನ್ಯಾಸಿ ಬಂದು ಊರಾಚೆಯ ಮಂಟಪದಲ್ಲಿ ಬೀಡುಬಿಟ್ಟ. ನಾವೆಲ್ಲ ದೇವರಿಚ್ಛೆ ಎಂದು ಸಮಾಧಾನ ಹೇಳುತ್ತಿದ್ದರೆ, ಆ ಮಹಾನುಭಾವ ಮಗಳನ್ನು ಕೊಂದವರು ಇಂಥವರೇ ಎಂದು ಬೆರಳು ಮಾಡಿ ತೋರಿಸಿದ. ಸಾಬರ ನೂಲಿನ ಮೂಟೆಯಲ್ಲೇ ರೋಗ ಬಂತಂತೆ, ಬೇಕೆಂದೇ ತಂದರಂತೆ! ದಾದಾಪೀರರ ಸ್ವಂತ ತಮ್ಮನೂ ಅದೇ ಪ್ಲೇಗಿಗೆ ಹೋಗಿದ್ದ. ಹೇಳಿದರೆ ಮಾವ ಕೇಳಬೇಕಲ್ಲ! "ನಿಂಗೇನ್ ಗೊತ್ತೈತಲೇ? ಧರ್ಮ ಉಳೀಬೇಕಂದ್ರೆ ಕರುಳು ಕಲ್ಲಾಗಬೇಕು," ಎಂದ. ಅದು ಮಾವನ ಮಾತಿನ ಧಾಟಿಯೇ ಅಲ್ಲ.

ಆ ಸಲದ ಹಬ್ಬಕ್ಕೆ ಅವನು ಪೀರುಗಳಿಗೆ ನೇಯಲಿಲ್ಲ. ಗಂಡನ ಮನಸ್ಸು ನೆಟ್ಟಗಾದರೆ ಸಾಕೆಂದು ಗಂಗತ್ತೆ ತನ್ನ ಧಾರೆ ಸೀರೆಯನ್ನೇ ಹರಿದು, ಪೀರಿಗೆ ಉಡಿಸಲು ಮಧ್ಯಾಹ್ನ ಯಾರಿಗೂ ಹೇಳದೆ ಚಾವಡಿಗೆ ಹೋದಳು. ಅದೇ ಮಧ್ಯಾಹ್ನ ಮಾವ ಚಾವಡಿಯ ಹುಲ್ಲಿನ ಸೂರಿಗೆ ಬೆಂಕಿ ಇಟ್ಟ. ಒಳಗೆ ಯಾರೂ ಇಲ್ಲವೆಂದುಕೊಂಡಿದ್ದನೋ, ಇದ್ದರೆ ಇರಲಿ ಎಂದುಕೊಂಡಿದ್ದನೋ, ದೇವರೇ ಬಲ್ಲ.

ಚೀರಾಟ ಕೇಳಿ ನಾನು ಓಡಿಹೋಗುವಷ್ಟರಲ್ಲಿ ದಾದಾಪೀರರು ಉರಿಯೊಳಕ್ಕೆ ನುಗ್ಗಿದ್ದರು. ಅತ್ತೆಯನ್ನು ಎತ್ತಿಕೊಂಡು ಹೊರಬಂದಾಗ ಅವರ ಎರಡೂ ಕೈಗಳ ಚರ್ಮ ಸುಲಿದಿತ್ತು.

"ತಿಪ್ಪಾ, ಜೀವ ಐತಲೇ! ನೀರು ತಗೊಂಬಾ!"

ಮಾವ ಎದುರಿಗೇ ನಿಂತಿದ್ದ. ಈಗ ಓಡಿಬರುತ್ತಾನೆ, ಗೆಳೆಯನ ಕಾಲಿಗೆ ಬೀಳುತ್ತಾನೆ ಎಂದುಕೊಂಡೆ. ಅವನು ಹಿಂದಕ್ಕೆ ಸರಿದ.

"ಅವನು ಮುಟ್ಟಿದೋಳು ನನ್ನ ಹೊಸಲು ದಾಟಾದು ಬ್ಯಾಡ," ಎಂದ.

ಅಯ್ಯೋ! ಇವನೇನಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದ ಮಾವ? ನಾನೇ ಓಡಿ ನೀರು ತಂದೆ. ತಿರುಗಿ ನೋಡಿದರೆ ಅವನು ಮಂಟಪದ ದಾರಿ ಹಿಡಿದಿದ್ದ. ಸನ್ಯಾಸಿಯ ಜೊತೆ ಹೋದವನು ಮತ್ತೆ ಊರಿಗೆ ಬರಲಿಲ್ಲ.

ಸಂಜೆ ಗಂಗತ್ತೆಗೆ ಎಚ್ಚರವಾಯಿತು. ನನ್ನನ್ನು ಗುರುತಿಸಿ ಮೆಲ್ಲಗೆ ಕೇಳಿದಳು: "ಬೆಂಕಿ ಅಂದ್ರೆ ಮುಂದೆ ಬೀಳೋ ಮನುಷ್ಯ. ನಿಮ್ಮ ಮಾವಗೇನೂ ಆಗಿಲ್ಲ ತಾನೇ?"