ಬಟ್ಟಿ ಕೂರಿಸುವ ಆನಂದಪ್ಪನವರ ಹೊಟ್ಟೆನೋವು

೧೯೫೮ರ ಜನವರಿಯ ಒಂದು ಸೋಮವಾರ, ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅಂಜನಾಪುರದ ಆನಂದಪ್ಪನವರು ನಡುಮನೆಯಲ್ಲಿ ಅಂಗಾತ ಮಲಗಿ, ತಮ್ಮ ಹೊಕ್ಕುಳ ಮೇಲೆ ತಾವೇ ಹಿತ್ತಾಳೆ ತಂಬಿಗೆ ಕವುಚಿಕೊಳ್ಳುತ್ತಿದ್ದರು.

ಅವರಿಗೆ ಗದ್ದೆಯಿತ್ತು, ಆದರೆ ಹೆಸರು ಬಂದದ್ದು ತಂಬಿಗೆಯಿಂದ. ಹೊಟ್ಟೆ ನೋಯುತ್ತಿದೆಯೆಂದರೆ ಹೊಕ್ಕುಳ ಹಿಂದಿನ ‘ಬಟ್ಟಿ’ ಜಾಗ ಬಿಟ್ಟು ಜಾರಿದೆ ಎಂದು ನಮ್ಮ ಕಡೆಯ ನಂಬಿಕೆ. ಆನಂದಪ್ಪ ಹೊಕ್ಕುಳಿಂದ ಎದೆಯ ಎರಡೂ ಬದಿಗೆ ನೂಲು ಹಿಡಿದು ಅಳೆಯುತ್ತಿದ್ದರು. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಹೊಟ್ಟೆಯ ಮೇಲೆ ಹಿಟ್ಟಿನ ಬಿಲ್ಲೆಯಿಟ್ಟು, ಅದರಲ್ಲಿ ಬತ್ತಿ ಹಚ್ಚಿ, ಮೇಲೆ ತಂಬಿಗೆ ಕವುಚುವರು. ಬತ್ತಿ ಆರಿ ಒಳಗಿನ ಗಾಳಿ ತಣಿದು ಕುಗ್ಗಿದಾಗ ತಂಬಿಗೆ ಚರ್ಮವನ್ನು ಹೀರಿ ಹಿಡಿಯುತ್ತದೆ. ಆಮೇಲೆ ಅದನ್ನು ಕೀಳುವುದು, ಹರಳೆಣ್ಣೆ ಕುಡಿಸುವುದು. ಸೊರಬದ ಕಡೆಯಿಂದಲೂ ಜನ ಬರುತ್ತಿದ್ದರು. ಅವರ ಮನೆಯ ಜಗಲಿ ಕೋಣೆಯಲ್ಲಿ ಬಾಡಿಗೆಗಿದ್ದ ನನ್ನ ಬಟ್ಟಿಯನ್ನೂ ಒಮ್ಮೆ ಕೂರಿಸಿದ್ದರು. ಬಿ.ಎಸ್ಸಿ. ಪಾಸಾಗಿ ವಿಜ್ಞಾನ ಪಾಠ ಹೇಳುತ್ತಿದ್ದ ನಾನು, ನೂಲಿನ ಅಳತೆ ಸಮವಾಯಿತೇ ಎಂದು ಕತ್ತೆತ್ತಿ ನೋಡಿದ್ದು ನೆನಪಿದೆ.

ಹಿಂದಿನ ಸಂಜೆಯಿಂದ ಆನಂದಪ್ಪನವರಿಗೆ ಹೊಕ್ಕುಳ ಸುತ್ತ ನೋವು. ಊಟ ಸೇರಿರಲಿಲ್ಲ, ಒಮ್ಮೆ ವಾಂತಿಯೂ ಆಗಿತ್ತು. ತಂಬಿಗೆ ಕಿತ್ತ ಸ್ವಲ್ಪ ಹೊತ್ತಿಗೆ ಅವರು ಕೂಗಿದ್ದು ಜಗಲಿಯವರೆಗೂ ಕೇಳಿಸಿತು.

“ವನಜಾ, ಬಾ ಇಲ್ಲಿ! ನೋವು ಹೊಕ್ಕುಳ ಬಿಟ್ಟು ಹೊಂಟೈತಿ!”

ಅವರ ಹೆಂಡತಿ ವನಜಮ್ಮ ಸೊರಬದವರು. ಒಲೆಯ ಮುಂದಿನಿಂದಲೇ ಕೇಳಿದರು, “ಎಲ್ಲಿಗೆ ಹೊರಟಿತು?”

“ಬಲಕ್ಕೆ, ಕೆಳಗೆ. ಬಟ್ಟಿ ನನ್ನ ಮಾತು ಕೇಳಾಕ ಹತ್ತೈತಿ.”

“ಈ ಮನೇಲಿ ನಿಮ್ಮ ಮಾತು ಅದೊಂದಾದ್ರೂ ಕೇಳ್ತಲ್ಲ ಮಾರಾಯ್ರೆ.”

ದೊಡ್ಡ ಕರುಳು ಶುರುವಾಗುವಲ್ಲಿ ಕಿರುಬೆರಳಿನಂಥ ಒಂದು ಬಾಲವಿದೆ, ಅಪೆಂಡಿಕ್ಸ್. ಅದರ ಬಾಯಿ ಕಟ್ಟಿ ಊದಿಕೊಂಡರೆ ನೋವು ಮೊದಲು ಹೊಕ್ಕುಳ ಸುತ್ತ ಕಾಣುತ್ತದೆ. ಊತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ಬಲಗಡೆ ಕೆಳಗೆ ಬಂದು ನಿಲ್ಲುತ್ತದೆ. ನೋವು ಸರಿದದ್ದು ರೋಗ ಬಲಿತ ಗುರುತು. ಆನಂದಪ್ಪನವರು ಅದನ್ನು ತಂಬಿಗೆಯ ಗೆಲುವೆಂದು ತಿಳಿದರು.

ಬಟ್ಟಿ ತುಸು ಹೆಚ್ಚೇ ಸರಿದಿದೆ, ಹಿಂದಕ್ಕೆ ಎಳೆಯಬೇಕೆಂದು ಬಲಗಡೆಗೆ ಎರಡನೆಯ ಸಲ ತಂಬಿಗೆ ಹಾಕಿಸಿಕೊಂಡರು. ವನಜಮ್ಮ ಅದನ್ನು ಸೆಳೆದು ಕಿತ್ತಾಗ ಹೊರಟ ಕೂಗಿಗೆ ಕೊಟ್ಟಿಗೆಯ ಎತ್ತುಗಳು ಎದ್ದು ನಿಂತವು. ಹರಳೆಣ್ಣೆ ಕೇಳಿದರೆ ಸೀಸೆ ಬರಿದಾಗಿತ್ತು. ಕೊನೆಯ ಹನಿಯನ್ನು ಹಿಂದಿನ ದಿನದ ರೋಗಿ ಕುಡಿದು ಹೋಗಿದ್ದ. ವನಜಮ್ಮ ಬಂಡಿ ಹೂಡಿಸಿದರು.

“ಬಟ್ಟಿ ಆನಂದಪ್ಪ ಹೊಟ್ಟೆನೋವಿಗೆ ದವಾಖಾನಿಗೆ ಹೋದ ಅಂದ್ರೆ ಊರಾಗ ಮುಖ ಹೆಂಗ ತೋರಿಸ್ಲಿ?”

“ಮುಖದ ಮೇಲೆ ತಂಬಿಗೆ ಕವುಚಿಕೊಳ್ಳಿ. ಮೊದಲು ಹತ್ತಿ.”

ನಾನೂ ಜೊತೆಗೆ ಹೋದೆ. ಶಿಕಾರಿಪುರದ ಆಸ್ಪತ್ರೆಯ ಡಾಕ್ಟರು ನಾಲಿಗೆ ನೋಡಿ ಜ್ವರ ಅಳೆದರು. ಹೊಟ್ಟೆಯ ಬಲಗಡೆ ಮೆಲ್ಲಗೆ ಒತ್ತಿ ಥಟ್ಟನೆ ಕೈ ತೆಗೆದರು. ಆನಂದಪ್ಪ ಚೀರಿದರು. ಒತ್ತಿದಾಗಿನದಕ್ಕಿಂತ ಬಿಟ್ಟಾಗ ಹೆಚ್ಚು ನೋಯುವುದು ಒಳಪೊರೆಗೆ ಊತ ತಾಗಿದ್ದರ ಲಕ್ಷಣ.

“ನಾನು ತಂಬಿಗೆ ಕಿತ್ತಾಗ್ಲೂ ಹೀಗೇ ಕೂಗಿದ್ರು ಡಾಕ್ಟ್ರೇ,” ಎಂದರು ವನಜಮ್ಮ.

“ಹಾಗಾದ್ರೆ ಅರ್ಧ ಪರೀಕ್ಷೆ ನೀವೇ ಮಾಡಿದ್ದೀರಿ,” ಎಂದ ಡಾಕ್ಟರು ಮೂತ್ರ ನೋಡಿಸಿದರು. ಅದರಲ್ಲಿ ರಕ್ತವಿರಲಿಲ್ಲ, ಮೂತ್ರಪಿಂಡದ ಕಲ್ಲಿನ ಅನುಮಾನ ಕಡಿಮೆಯಾಯಿತು. ಬೆರಳಿನ ರಕ್ತದಲ್ಲಿ ಬಿಳಿ ಕಣಗಳು ಏರಿದ್ದವು. “ಅಪೆಂಡಿಕ್ಸ್. ಇವತ್ತೇ ಶಿವಮೊಗ್ಗಕ್ಕೆ ಹೋಗಿ ಆಪರೇಷನ್ ಮಾಡಿಸಿ. ಒಡೆದರೆ ಕೀವು ಹೊಟ್ಟೆಗೆಲ್ಲಾ ಹರಡುತ್ತೆ, ಜೀವಕ್ಕೇ ಅಪಾಯ. ಹರಳೆಣ್ಣೆ ಕುಡಿದಿದ್ರೆ ಇಷ್ಟೊತ್ತಿಗೆ ಒಡೆದಿರ್ತಿತ್ತೇನೋ.”

ಆನಂದಪ್ಪ ಮಂಚದಿಂದ ಕಾಲಿಳಿಸಿದರು. “ಹೊಟ್ಟಿ ಕೊಯ್ಸೋದಿಲ್ರೀ. ನಾಳಿ ಇನ್ನೊಂದ್ಸಲ ತಂಬಿಗಿ ಹಾಕಿ ನೋಡ್ತೀನಿ.”

ವನಜಮ್ಮ ಈ ಸಲ ತಮಾಷೆ ಮಾಡಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದರು.

ಡಾಕ್ಟರು ಬೈಯಲಿಲ್ಲ. ಅವರನ್ನು ಮತ್ತೆ ಮಲಗಿಸಿ, ಹೊಕ್ಕುಳ ಮೇಲೆ ಒಂದು ಬೆರಳು, ಬಲ ಸೊಂಟದ ಮೂಳೆಯ ತುದಿಗೆ ಇನ್ನೊಂದು ಬೆರಳಿಟ್ಟರು. “ಇಲ್ಲಿಂದ ಇಲ್ಲಿಗೆ ಒಂದು ಗೆರೆ. ಮೂರು ಪಾಲು ಮಾಡಿ. ಹೊಕ್ಕುಳಿಂದ ಎರಡು ಪಾಲು ದಾಟಿದರೆ ರೋಗ ಇರೋ ಜಾಗ. ನೀವೇ ಮುಟ್ಟಿ.”

ಆನಂದಪ್ಪ ತಾವೇ ಬೆರಳು ಜೋಡಿಸುತ್ತ ಹೋದರು. ಆ ಜಾಗಕ್ಕೆ ಬಂದಾಗ ಹಲ್ಲು ಕಚ್ಚಿದರು. ಆಮೇಲೆ ನೋವಿನಲ್ಲೂ ಅವರ ಮುಖ ಅರಳಿತು.

“ಅಲ್ರೀ ಡಾಕ್ಟ್ರೇ, ನೀವೂ ಹೊಕ್ಕುಳಿಂದ್ಲೇ ಅಳೀತೀರಿ!”

“ಹೂಂ. ನೀವು ಮೇಲಕ್ಕೆ, ನಾನು ಕೆಳಕ್ಕೆ.”

“ಹಂಗಾದ್ರ ನಮ್ಮ ಕಸುಬಿನೋರೇ ಆದ್ರಿ. ನಡೀರಿ, ಶಿವಮೊಗ್ಗಕ್ಕ ಹೋಗಣು.”

ಅಪೆಂಡಿಕ್ಸ್ ಒಡೆಯುವ ಮೊದಲೇ ತೆಗೆದರು. ಊರಿಗೆ ಬಂದ ಮೇಲೆ ಅವರು ಚಹಾದಂಗಡಿಯಲ್ಲಿ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಾ, “ತಂಬಿಗಿ ಡಾಕ್ಟ್ರು ಕತ್ತರಿ ಡಾಕ್ಟ್ರ ಕೈಗೆ ಸಿಕ್ಕ ಕತಿ” ಎಂದು ತಾವೇ ಶುರು ಮಾಡುತ್ತಿದ್ದರು. ತಂಬಿಗೆ ಬಿಡಲಿಲ್ಲ. ಆದರೆ ನೂಲು ಹಿಡಿಯುವ ಮೊದಲು ಬಲಗಡೆ ಒತ್ತಿ ಕೈ ಬಿಟ್ಟು ನೋಡುತ್ತಿದ್ದರು.

ಮಾರನೆಯ ವರ್ಷ ಈಸೂರಿನ ಹೂವಮ್ಮ ಗಂಡ ಕೆಂಪಪ್ಪನನ್ನು ಕರೆತಂದಳು. ಆನಂದಪ್ಪ ಒತ್ತಿ ಕೈಬಿಟ್ಟರು, ಕೆಂಪಪ್ಪ ಚೀರಿದ. ಅವರು ತಂಬಿಗೆಯನ್ನು ಪಕ್ಕಕ್ಕೆ ಸರಿಸಿ, “ಹರಳೆಣ್ಣಿ ಮುಟ್ಟಬ್ಯಾಡ್ರಿ. ಬಂಡಿ ಹಂಗೇ ದವಾಖಾನಿಗೆ ತಿರುಗಿಸ್ರಿ,” ಎಂದರು.

ಹೂವಮ್ಮನಿಗೆ ಸಿಟ್ಟು ಬಂತು. “ಇಷ್ಟು ವರ್ಷ ಊರಿಗೆಲ್ಲಾ ತಂಬಿಗಿ ಹಾಕಿದ್ರಿ. ಈಗ ಅದು ತಪ್ಪು ಅಂತೀರೇನು? ಎಷ್ಟು ತಪ್ಪಿತ್ತು ನಿಮ್ದು?”

ಆನಂದಪ್ಪ ಅಂಗಿ ಎತ್ತಿದರು. ಹೊಕ್ಕುಳಿಂದ ಹೊಲಿಗೆಯ ಗುರುತಿನವರೆಗೆ ಬೆರಳು ಜೋಡಿಸಿ ಅಳೆದು, ತಲೆಯೆತ್ತಿ ಹೇಳಿದರು:

“ಆರು ಬೆರಳು.”