ನಲ್ಲಿಗೆ ನೀರು ಬರುವ ಮುನ್ನ

ಗೋವೆಯ ಝುವಾರಿನಗರದ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಕೊಡಗಳು ಸಾಲು ಹಿಡಿದು ಕೂತಿವೆ, ಹೆಂಗಸರು ಎದ್ದಿಲ್ಲ. ಆ ಹೊತ್ತಿಗೇ ಭಾಗವ್ವ ತಗಡಿನ ಬಾಗಿಲೊಂದನ್ನು ಮೆಲ್ಲಗೆ ಬಡಿಯುತ್ತಾರೆ.

"ಯಾರದು, ಇಷ್ಟ್ ನಸುಕಿನ್ಯಾಗ?"

"ನಾನ ಆಯಿ, ಭಾಗವ್ವ. ಚಾ ಕುಡಿಯಾಕ ಬಂದೇನಿ."

"ಚಾ ಅಲ್ಲ, ನನ್ನ ತಲಿ ತೂಗಾಕ ಬಂದಿ," ಎಂದು ಒಳಗಿನಿಂದ ಮುದುಕಿ ಸುಂದರವ್ವನ ನಗು.

ಭಾಗವ್ವ ಬಾಗಲಕೋಟೆ ಕಡೆಯವರು. ಗಂಡ ಕರೆಪ್ಪ ಹೊಸ ರೈಲು ಹಳಿಯ ಮಣ್ಣಿನ ಕೆಲಸಕ್ಕೆ ಹೋಗುತ್ತಾರೆ. ಭಾಗವ್ವನೂ ಕಲ್ಲು ಹೊತ್ತು, ಸೊಂಟ ಸೋತ ಮೇಲೆ ಒಂದು ದವಾಖಾನೆಯಲ್ಲಿ ಆಯಾ ಆದರು. ಕನ್ನಡ, ಕೊಂಕಣಿ, ಹಿಂದಿ ಮೂರೂ ಬರುತ್ತವೆಂದು ಅಲ್ಲಿನ ಡಾಕ್ಟರು ಈ ಕೆಲಸಕ್ಕೆ ಹಚ್ಚಿದ್ದಾರೆ: ಮುದುಕರ ಮರೆವು ವಯಸ್ಸಿನದೋ ರೋಗದ್ದೋ ಎಂದು ನೋಡುವ ಪರೀಕ್ಷೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು. ಐದು ಹೆಸರು ಹೇಳಿ, ಊರು, ವಾರ ವಿಚಾರಿಸಿ, ಆಮೇಲೆ ಆ ಐದನ್ನೂ ತಿರುಗಿ ಕೇಳಬೇಕು. ಕನ್ನಡದಲ್ಲಿ ಅದನ್ನು ನಂಬಬಹುದೇ ಎಂದು ತಿಳಿಯಲು, ಕೆಲವು ವಾರ ಬಿಟ್ಟು ಅದೇ ಜನಕ್ಕೆ ಅದನ್ನೇ ಮತ್ತೆ ಕೇಳಬೇಕು.

ಎರಡನೇ ಸುತ್ತಿನಲ್ಲಿ ಓಣಿಯ ಮುದುಕರೆಲ್ಲ ಜಾಣರಾಗಿದ್ದರು. "ನಮ್ಮತ್ತಿ ಸ್ಟವ್ ಹಚ್ಚಿ ಮರೀತಾಳ, ಮನಿ ದಾರಿ ತಪ್ಪತಾಳ," ಎಂದು ಸೊಸೆ ಶರಣಮ್ಮ ಯಾರಿಗಾಗಿ ಕಣ್ಣೀರು ಹಾಕುತ್ತಿದ್ದರೋ ಆ ಸುಂದರವ್ವ ಕೂಡ ಐದಕ್ಕೆ ಐದು ಹೇಳಿದರು. ಆ ಪ್ರಕಾರ ಅವರಿಗೆ ರೋಗವಿಲ್ಲ. ಪಣಜಿಯ ದೊಡ್ಡ ಡಾಕ್ಟರ ಬಳಿಗೆ ಕಳಿಸುವಂತಿಲ್ಲ.

ಕಾರಣ ನಲ್ಲಿಕಟ್ಟೆಯ ಮೇಲೆ ಸಿಕ್ಕಿತು. ನೀರಿಗೆ ಕಾಯುತ್ತ ಮುದುಕಿಯರು ಆ ಹೆಸರುಗಳನ್ನು ಬೀಸುವ ಪದದ ಧಾಟಿಗೆ ಕಟ್ಟಿ ಹಾಡುತ್ತಿದ್ದರು: ತೆಂಗು, ಬಂಡಿ, ಬೆಣ್ಣಿ, ಕಂಬಳಿ, ಗುಡಿ. ಬೀಸುಕಲ್ಲನ್ನು ಊರಲ್ಲೇ ಬಿಟ್ಟು ಬಂದವರು ಧಾಟಿಯನ್ನು ಬಿಟ್ಟಿರಲಿಲ್ಲ. ಹಾಡಿಗೆ ಹತ್ತಿದ ಮಾತು, ನೆನಪು ಸೋತರೂ ನಾಲಿಗೆ ಬಿಟ್ಟು ಹೋಗುವುದಿಲ್ಲ.

"ಫೇಲಾದವರನ್ನ ಊರಿಗೆ ಕಳಸ್ತಾರಂತ ಸುದ್ದಿ ಇತ್ತ್ರಿ. ಕಲ್ತೀವಿ, ತಪ್ಪೇನು?" ಎನ್ನುತ್ತಾರೆ ನೆರೆಮನೆಯ ಕಾಶಮ್ಮ.

ಹೊಸ ಹೆಸರುಗಳೇ ಬೇಕೆಂದು ಭಾಗವ್ವ ಹಟ ಹಿಡಿದರು. ಡಾಕ್ಟರೂ ಒಪ್ಪಿ, ಅಷ್ಟೇ ಸುಲಭದ ಬೇರೆ ಹೆಸರುಗಳನ್ನು ಕೂತು ಆರಿಸಿಕೊಟ್ಟರು. ಈಗ ದಿನಕ್ಕೆ ಐದು ಹೊಸ ಹೆಸರು, ಮನೆಮನೆಗೆ ಮತ್ತೊಂದು ಸುತ್ತು. "ಮಾತು ನಲ್ಲಿ ಮುಟ್ಟೋದ್ರಾಗ ನಾ ಮನಿ ಮುಟ್ಟಬೇಕ್ರಿ. ಅದಕ್ಕ ಈ ನಸುಕು. ಸೊಂಟ ಬ್ಯಾಡ ಅಂತೈತಿ, ಅದರ ಮಾತು ಕೇಳಿದ್ರ ಆತು."

ಚಹಾ ಬರುತ್ತದೆ. "ಕುದರಿ, ಬುಟ್ಟಿ, ಉಪ್ಪು, ಚಾಪಿ, ಬಾವಿ." ಸುಂದರವ್ವ ತಪ್ಪಿಲ್ಲದೆ ಒಪ್ಪಿಸುತ್ತಾರೆ. ತವರಿನ ಮಾತು, ಸೊಸೆಯ ಚಹಾಕ್ಕೆ ಸಕ್ಕರೆ ಸಾಲದೆಂಬ ದೂರು. ಆಮೇಲೆ ಭಾಗವ್ವ ಕೇಳುತ್ತಾರೆ: "ಆಗಳೆ ಹೇಳಿದ್ದು ಏನ್ ಆಯಿ?"

ಸುಂದರವ್ವನ ಬಲಗೈ ನೆಲದ ಮೇಲೆ ಗುಂಡಗೆ ತಿರುಗತೊಡಗುತ್ತದೆ. "ತೆಂಗು, ಬಂಡಿ, ಬೆಣ್ಣಿ..."

ಶರಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಭಾಗವ್ವ ತಿದ್ದುವುದಿಲ್ಲ. ಹಾಡು ಮುಗಿಯುವ ತನಕ ಕೂತಿದ್ದು, "ಚಲೋ ಹಾಡಿದಿ. ಸೋಮವಾರ ಪಣಜಿಗೆ ಹೋಗೂಣು, ನಾನೂ ಬರತೇನಿ," ಎನ್ನುತ್ತಾರೆ.

ಹೊರಗೆ ನಲ್ಲಿ ಸದ್ದು ಮಾಡುತ್ತದೆ. ನಿಮಗಾಗಿ ಏನು ಬೇಕು ಎಂದು ಕೇಳಿದರೆ ಭಾಗವ್ವ ನಗುತ್ತಾರೆ.

"ಈ ಹೆಸರೆಲ್ಲಾ ನನಗ ಬಾಯಿಪಾಠ ಆಗ್ಯಾವ್ರಿ. ನಾಳೆ ನನಗ ಮರವು ಬಂದ್ರ ಇದರಾಗ ಸಿಗಾಂಗಿಲ್ಲ, ಪಾಸ ಆಗತೇನಿ. ಆವಾಗ ಯಾರರ ಹೊಸ ಮಾತು ಹುಡುಕ್ಕೊಂಡು ಬಂದು ಬಾಗಲಾ ಬಡೀಬೇಕು. ನಸುಕಿನ್ಯಾಗ."